ಮುಸುವದ ಮರಿ, ವಾಲಿಯ ಮಗ

ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಎರೆಯ ಹೊಲಗಳು ಮುಗಿದು ಕೆಮ್ಮಣ್ಣಿನ ನೆಲ ತೊಡಗುತ್ತದೆ. ಅದರ ಬೆನ್ನಿಗೇ ತೇಗದ ಕಾಡು. ಆ ಕಾಡಿನಂಚಿನ ಒಂದು ಹಳ್ಳಿಯಲ್ಲಿ ಬೆಳೆದವನು ನಾನು. ಬೇಸಗೆ ಬಂತೆಂದರೆ ಕಾಡಿನ ಮುಸುವಗಳು ಹಿಂಡುಹಿಂಡಾಗಿ ನಮ್ಮ ಹಂಚಿನ ಮನೆಗಳ ಮೇಲೆ ಬಂದಿಳಿಯುತ್ತಿದ್ದವು. ಹಿತ್ತಲ ನುಗ್ಗೆಯ ಗಿಡ ಒಂದೇ ಮುಂಜಾವಿನಲ್ಲಿ ಬೋಳಾಗುತ್ತಿತ್ತು. ಕಲ್ಲೆಸೆದು ಅವನ್ನು ಓಡಿಸುವುದು ನಮ್ಮಂಥ ಹುಡುಗರ ಕೆಲಸ. ಒಮ್ಮೆ ನಾನು ಗುರಿಯಿಟ್ಟು ಕೈಯೆತ್ತಿದ್ದಾಗ ನಮ್ಮ ಚಿಗವ್ವ ಹಿಂದಿನಿಂದ ಬಂದು ಮುಂಗೈ ಹಿಡಿದು ನಿಲ್ಲಿಸಿದಳು. “ಅದರ ಎದಿಯಾಗ ಕೂಸೈತಿ. ಕೂಸಿದ್ದದ್ದಕ್ಕ ಕಲ್ಲ ಒಗೀಬಾರದೋ ತಮ್ಮಾ” ಎಂದಳು. ಆ ಮಾತಿನ ತೂಕ ತಿಳಿಯಲು ನನಗೆ ಐವತ್ತು ವರ್ಷ ಹಿಡಿಯಿತು. ಇಂದು ತಮ್ಮ ಮುಂದೆ ಹೇಳಹೊರಟಿರುವುದು ಆ ತಿಳಿವಳಿಕೆಯ ಕಥೆ.

ಮೊದಲಿಗೆ ಹೆಸರಿನ ಮಾತು. ಮಂಗ, ಕೋತಿ, ಕಪಿ ಎಂದು ನಾವು ಒಟ್ಟಾಗಿ ಕರೆದರೂ ಕನ್ನಡಿಗರ ಕಣ್ಣು ಸೂಕ್ಷ್ಮವಾದದ್ದೇ. ಕೆಂಪು ಮೋರೆಯ ಗಿಡ್ಡ ಕೋಡಗ ಬೇರೆ. ಕರಿಯ ಮೋರೆ, ಬೂದು ಮೈ, ಉದ್ದ ಬಾಲದ ಮುಸುವ ಬೇರೆ. ವಿದ್ವಾಂಸರು ‘ಹನುಮಾನ್ ಲಂಗೂರ್’ ಎಂದು ಕರೆಯುವುದು ಈ ಮುಸುವವನ್ನು. ನಮ್ಮ ಧಾರವಾಡದ ಕಾಡಿನ ಮುಸುವಗಳ ನಡುವೆ ೧೯೬೨ರಲ್ಲಿ ನಡೆದ ಒಂದು ಘಟನೆ ಮನುಷ್ಯನ ಸ್ವಭಾವವನ್ನು ಕುರಿತ ಜಾಗತಿಕ ಚರ್ಚೆಯ ದಿಕ್ಕನ್ನೇ ತಿರುಗಿಸಿತೆಂದರೆ ತಮಗೆ ಸೋಜಿಗವೆನಿಸಬಹುದು. ನಾನು ಪ್ರಾಣಿಶಾಸ್ತ್ರದವನಲ್ಲ, ಕನ್ನಡ ಕಲಿಸಿದ ಮಾಸ್ತರ. ಆದರೂ ಈ ಕಥೆ ನನ್ನ ಊರಿನ ಮಗ್ಗುಲಲ್ಲೇ ನಡೆದದ್ದರಿಂದ, ಆಗ ನಾನೂ ತೊಟ್ಟಿಲಲ್ಲಿದ್ದ ಕೂಸಾಗಿದ್ದುದರಿಂದ, ಇದನ್ನು ಹೇಳುವ ಸಲಿಗೆ ವಹಿಸಿದ್ದೇನೆ.

ಮಂಗಗಳನ್ನು ನೋಡಿ ಮನುಷ್ಯನನ್ನು ಅರಿಯುವ ಹಂಬಲ ಹೊಸದಲ್ಲ. ಆದರೆ ಆ ಹಂಬಲ ಮೊದಲು ಎಡವಿದ್ದು ಲಂಡನ್ನಿನಲ್ಲಿ. ೧೯೨೫ರಲ್ಲಿ ಅಲ್ಲಿನ ಮೃಗಾಲಯದವರು ಒಂದು ಕೃತಕ ಗುಡ್ಡವನ್ನು ಕಟ್ಟಿ, ಸುಮಾರು ನೂರು ಹಮದ್ರಿಯಾಸ್ ಬಬೂನುಗಳನ್ನು ಅಲ್ಲಿ ಬಿಟ್ಟರು. ಹೆಚ್ಚುಕಡಿಮೆ ಎಲ್ಲವೂ ಗಂಡುಗಳೇ. ೧೯೨೭ರಲ್ಲಿ ಇನ್ನೂ ೩೦ ಹೆಣ್ಣುಗಳನ್ನು ಸೇರಿಸಿದರು. ಮುಂದೆ ನಡೆದದ್ದು ಘೋರ. ಹೆಣ್ಣುಗಳಿಗಾಗಿ ಗಂಡುಗಳು ಕಾದಾಡಿ, ಆ ಎಳೆದಾಟದಲ್ಲಿ ಹೆಣ್ಣುಗಳನ್ನೇ ಸೀಳಿ ಹಾಕಿದವು. ಕೆಲವೇ ವರ್ಷಗಳಲ್ಲಿ ಸತ್ತ ೩೩ ಹೆಣ್ಣುಗಳಲ್ಲಿ ೩೦ ಈ ಕಾದಾಟಕ್ಕೇ ಬಲಿಯಾದವು. ಇದನ್ನು ಕಣ್ಣಾರೆ ಕಂಡ ಸಾಲಿ ಜುಕರ್‌ಮನ್ ೧೯೩೨ರಲ್ಲಿ ಒಂದು ಗ್ರಂಥ ಬರೆದು, ಮಂಗಗಳ ಸಮಾಜವನ್ನು ಹಿಡಿದಿಟ್ಟಿರುವುದು ಕಾಮ ಮತ್ತು ಬಲ ಎಂದರು. ಓದುಗರು ಅದರಲ್ಲಿ ತಮ್ಮ ಮುಖವನ್ನೇ ಕಂಡು ಬೆಚ್ಚಿದರು.

೧೯೬೦ರ ದಶಕದಲ್ಲಿ ಹಾನ್ಸ್ ಕುಮ್ಮರ್ ಎಂಬ ಸ್ವಿಸ್ ವಿದ್ವಾಂಸರು ಇಥಿಯೋಪಿಯಾದ ಬಂಡೆಗಾಡಿನಲ್ಲಿ ಅದೇ ಬಬೂನುಗಳನ್ನು ಅವುಗಳ ಸ್ವಂತ ನೆಲೆಯಲ್ಲಿ ನೋಡಿದರು. ಅಲ್ಲಿ ಒಂದು ಗಂಡು, ಕೆಲವು ಹೆಣ್ಣು, ಮರಿಗಳು. ಇಂಥ ಸಣ್ಣ ಸಣ್ಣ ಸಂಸಾರಗಳು ಕೂಡಿ ಒಂದು ದೊಡ್ಡ ತಂಡ. ಒಬ್ಬನ ಸಂಗಾತಿಯನ್ನು ಇನ್ನೊಬ್ಬ ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ. ಹಾಗಾದರೆ ಲಂಡನ್ನಿನಲ್ಲಿ ಕಂಡದ್ದೇನು? ಒಬ್ಬರನ್ನೊಬ್ಬರು ಅರಿಯದ ನೂರು ಜೀವಗಳನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿದ ಸೆರೆಮನೆಯ ಕಥೆಯನ್ನು ಸ್ವಭಾವದ ಕಥೆಯೆಂದು ಓದಿದ್ದರು. ಇದು ಮೊದಲ ಪಾಠ: ಜೀವಿಯ ನಡತೆಯನ್ನು ಅದರ ನೆಲೆಯಿಂದ ಬೇರ್ಪಡಿಸಿ ಅಳೆಯಬಾರದು.

ಈ ಭಯಕ್ಕೆ ಎದುರಾಗಿ ಇನ್ನೊಂದು ಸಮಾಧಾನದ ಚಿತ್ರವೂ ಮೂಡಿತು. ೧೯೫೮ರಿಂದ ೧೯೬೦ರವರೆಗೆ ಫಿಲಿಸ್ ಜೇ ಎಂಬ ಅಮೆರಿಕನ್ ಮಹಿಳೆ ಉತ್ತರ ಹಾಗೂ ಮಧ್ಯ ಭಾರತದಲ್ಲಿ ನಮ್ಮ ಮುಸುವಗಳನ್ನೇ ಅಭ್ಯಾಸ ಮಾಡಿದರು. ಅವರು ಕಂಡದ್ದು ಶಾಂತವಾದ, ಜಗಳಗಂಟಿಯಲ್ಲದ ಒಂದು ಸಮಾಜ. ೧೯೬೩ರಲ್ಲಿ ಕೊನ್ರಾಡ್ ಲೊರೆನ್ಸ್ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಪ್ರಾಣಿಗಳ ಕಾದಾಟಕ್ಕೆ ನಿಸರ್ಗವೇ ಕಟ್ಟುಪಾಡುಗಳನ್ನು ಇಟ್ಟಿದೆ, ತನ್ನ ಜಾತಿಯನ್ನೇ ಕೊಲ್ಲುವಲ್ಲಿ ಅವು ತಡೆದು ನಿಲ್ಲುತ್ತವೆ, ಆಯುಧ ಹಿಡಿದ ಮನುಷ್ಯನಲ್ಲಿ ಮಾತ್ರ ಆ ತಡೆ ಸಾಲದಾಯಿತು ಎಂಬ ಧಾಟಿಯಲ್ಲಿ ವಾದಿಸಿದರು. ಎರಡು ಮಹಾಯುದ್ಧಗಳನ್ನು ಕಂಡ ಲೋಕಕ್ಕೆ ಆ ಮಾತು ಹಿಡಿಸಿತು. ಪ್ರಾಣಿ ನಿರ್ಮಲ, ಮನುಷ್ಯ ಪತಿತ ಎಂಬ ಹಳೆಯ ಕಥೆಗೆ ವಿಜ್ಞಾನದ ಉಡುಪು ತೊಡಿಸಿದಂತಾಯಿತು.

ಈ ಸಮಾಧಾನವನ್ನು ಕದಡಿದ್ದು ಧಾರವಾಡ.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕಿಂಜಿ ಇಮಾನಿಶಿಯವರ ಶಿಷ್ಯವರ್ಗ ೧೯೪೮ರಿಂದಲೇ ಮಂಗಗಳ ಅಭ್ಯಾಸಕ್ಕೆ ಕೈಹಾಕಿತ್ತು. ಅವರ ಕ್ರಮವೇ ಬೇರೆ. ಹಿಂಡಿನ ಒಂದೊಂದು ಮಂಗವನ್ನೂ ಮುಖದಿಂದ ಗುರುತಿಸಿ, ಹೆಸರಿಟ್ಟು, ವರ್ಷಗಟ್ಟಲೆ ಅದರ ಬಾಳನ್ನು ಬರೆದಿಡುವುದು. ಪಾಶ್ಚಾತ್ಯರು ಇದನ್ನು ಮೊದಲು ಭಾವುಕತೆಯೆಂದು ನಕ್ಕರು. ಆದರೆ ೧೯೫೩ರಲ್ಲಿ ಕೋಶಿಮಾ ದ್ವೀಪದ ‘ಇಮೊ’ ಎಂಬ ಎಳೆಯ ಹೆಣ್ಣುಕೋತಿ ಗೆಣಸಿನ ಮರಳನ್ನು ನೀರಿನಲ್ಲಿ ತೊಳೆದು ತಿನ್ನಲು ಕಲಿತದ್ದು, ಅದನ್ನು ಕಂಡು ಉಳಿದವು ಕಲಿತದ್ದು ಲೋಕಕ್ಕೆ ತಿಳಿದದ್ದು ಈ ಕ್ರಮದಿಂದಲೇ. ಹೆಸರಿಡದಿದ್ದರೆ ಯಾರು ಯಾರಿಂದ ಕಲಿತರೆಂಬುದು ಹೇಗೆ ತಿಳಿಯಬೇಕು?

ಈ ಪರಂಪರೆಯ ತರುಣ ವಿದ್ವಾಂಸ ಯುಕಿಮಾರು ಸುಗಿಯಾಮ ೧೯೬೧ರಲ್ಲಿ ಧಾರವಾಡಕ್ಕೆ ಬಂದರು. ಜೊತೆಯಲ್ಲಿ ಕೆಂಜಿ ಯೋಶಿಬ, ಹಾಗೂ ನಮ್ಮವರಾದ ಎಂ. ಡಿ. ಪಾರ್ಥಸಾರಥಿ. ಧಾರವಾಡದ ಕಾಡಿನಲ್ಲಿ ಮುಸುವಗಳ ಹಲವು ಹಿಂಡುಗಳಿಗೆ ಸಂಖ್ಯೆ ಕೊಟ್ಟು ಅವರು ಕಾಯತೊಡಗಿದರು. ಹೆಚ್ಚಿನ ಹಿಂಡುಗಳಲ್ಲಿ ಬೆಳೆದ ಗಂಡು ಒಂದೇ. ಉಳಿದವು ಹೆಣ್ಣು ಮತ್ತು ಮರಿಗಳು. ಹಿಂಡು ಸಿಗದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಹೊರಗೆ ಅಲೆಯುತ್ತಿದ್ದವು.

೧೯೬೨ರ ಬೇಸಗೆಯ ಕೊನೆಗೆ ಇಂಥ ಅಲೆಮಾರಿ ಗಂಡುಗಳ ಗುಂಪೊಂದು ಒಂದು ಹಿಂಡಿನ ಮೇಲೆ ಬಿತ್ತು. ಹಿಂಡಿನ ಯಜಮಾನ ಸೋತು ಕಾಡು ಸೇರಿದ. ಗೆದ್ದವರಲ್ಲಿ ಒಬ್ಬ ತನ್ನ ಜೊತೆಗಾರರನ್ನೂ ಓಡಿಸಿ ಹಿಂಡಿಗೆ ಒಡೆಯನಾದ. ಇಷ್ಟಾದರೆ ಅದು ರಾಜ್ಯಗಳ ಇತಿಹಾಸದಲ್ಲಿ ನಾವು ಓದುವಂಥದೇ. ಆದರೆ ಆಮೇಲಿನ ದಿನಗಳಲ್ಲಿ ಆ ಹೊಸ ಒಡೆಯ ತಾಯಂದಿರ ಎದೆಯಲ್ಲಿದ್ದ ಮರಿಗಳನ್ನು ಒಂದೊಂದಾಗಿ ಕಚ್ಚಿದ. ಮರಿಗಳು ಸತ್ತವು, ಇಲ್ಲವೇ ಕಾಣೆಯಾದವು. ಮರಿ ಕಳೆದುಕೊಂಡ ತಾಯಂದಿರು ಸ್ವಲ್ಪ ಕಾಲದಲ್ಲೇ ಬೆದೆಗೆ ಬಂದು ಆ ಕೊಂದವನನ್ನೇ ಕೂಡಿದರು. ಸುಗಿಯಾಮ ಇದನ್ನು ೧೯೬೫ರಲ್ಲಿ ಪ್ರಕಟಿಸಿದರು. ಅವರು ಪ್ರಯೋಗಕ್ಕಾಗಿ ಇನ್ನೊಂದು ಹಿಂಡಿನ ಏಕೈಕ ಗಂಡನ್ನು ತಾವೇ ತೆಗೆದು ನೋಡಿದಾಗಲೂ, ಬೇರೆ ಗಂಡು ಬಂದು ಮರಿಗಳ ಜೀವಕ್ಕೆ ಎರವಾಯಿತು. ಎದೆಯಲ್ಲಿ ಕೂಸಿರುವುದಕ್ಕೆ ಕಲ್ಲೆಸೆಯಬಾರದೆಂದು ನನ್ನ ಚಿಗವ್ವ ಹೇಳಿದ ಆ ಮುಸುವಗಳ ಬಂಧುಗಳೇ ಇವು.

ಬಹಳ ಜನ ಇದಕ್ಕೆ ಕಿವಿಗೊಡಲಿಲ್ಲ. ಇದೊಂದು ವಿಕಾರ, ಕಾಡು ಕಡಿದು ಇಕ್ಕಟ್ಟಾದ ಕಡೆಯಲ್ಲಿ ಹುಟ್ಟಿದ ರೋಗ ಎಂದರು. ಫಿಲಿಸ್ ಜೇ ಕೂಡ ಮುಂದೆ ಫಿಲಿಸ್ ಡೊಲ್ಹಿನೋ ಎಂಬ ಹೆಸರಿನಲ್ಲಿ ಈ ಪಕ್ಷವನ್ನೇ ಹಿಡಿದರು. ಲಂಡನ್ನಿನ ಗುಡ್ಡದ ಪಾಠ ಎದುರಿಗಿದ್ದಾಗ ಆ ಶಂಕೆ ನ್ಯಾಯವಾದದ್ದೇ.

೧೯೭೧ರಲ್ಲಿ ಸಾರಾ ಹರ್ಡಿ ಎಂಬ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ರಾಜಸ್ಥಾನದ ಆಬೂ ಪರ್ವತಕ್ಕೆ ಬಂದರು. ಇಕ್ಕಟ್ಟಿನಿಂದ ಬುದ್ಧಿಗೆಟ್ಟ ಗಂಡುಗಳು ಮರಿಗಳನ್ನು ಕೊಲ್ಲುತ್ತವೆಯೇ ಎಂದು ಪರೀಕ್ಷಿಸುವುದು ಆಕೆಯ ಉದ್ದೇಶವಾಗಿತ್ತು. ೧೯೭೫ರವರೆಗೆ ಮತ್ತೆ ಮತ್ತೆ ಬಂದು ನೋಡಿದ ಮೇಲೆ ಆಕೆ ತನ್ನ ಊಹೆಯನ್ನು ತಾನೇ ಕೈಬಿಟ್ಟರು. ಕೊಲ್ಲುತ್ತಿದ್ದವು ಹೊರಗಿನಿಂದ ಬಂದ ಗಂಡುಗಳು; ಕೊಲ್ಲುತ್ತಿದ್ದದ್ದು ಹಳೆಯ ಯಜಮಾನನ ಮರಿಗಳನ್ನು. ಗಂಡಿನ ಒಡೆತನ ಉಳಿಯುವುದು ಎರಡು ವರ್ಷ, ಹೆಚ್ಚೆಂದರೆ ಅದಕ್ಕೆ ತುಸು ಮೇಲೆ. ಮೊಲೆಯೂಡುವ ತಾಯಿ ಬೇಗ ಬೆದೆಗೆ ಬಾರಳು. ಮರಿ ಸತ್ತರೆ ಬರುತ್ತಾಳೆ. ಆದ್ದರಿಂದ ಇತರರ ಮರಿಯನ್ನು ಕೊಂದ ಗಂಡಿನ ಸಂತತಿ ಹೆಚ್ಚುತ್ತದೆ. ಇಲ್ಲಿ ದ್ವೇಷವೂ ಇಲ್ಲ, ಹುಚ್ಚೂ ಇಲ್ಲ. ನಿಸರ್ಗದ ಒಂದು ನಿರ್ದಯವಾದ ಲೆಕ್ಕಾಚಾರವಿದೆ. ಇದು ಹರ್ಡಿಯವರು ೧೯೭೭ರಲ್ಲಿ ಪ್ರಕಟಿಸಿದ ಗ್ರಂಥದ ಸಾರ.

ವಾದ ಇನ್ನೂ ಇಪ್ಪತ್ತು ವರ್ಷ ನಡೆಯಿತು. ೧೯೯೯ರಲ್ಲಿ ಕರೋಲಾ ಬೋರಿಸ್ ಮತ್ತು ಸಂಗಡಿಗರು ನೇಪಾಳದ ರಾಮನಗರದ ಮುಸುವಗಳ ಹಿಕ್ಕೆಯಿಂದ ಡಿ.ಎನ್.ಎ. ತೆಗೆದು ಪರೀಕ್ಷಿಸಿದರು. ದಾಳಿಗೊಳಗಾದ ೧೬ ಮರಿಗಳಲ್ಲಿ ಒಂದಕ್ಕೂ ದಾಳಿ ಮಾಡಿದ ಗಂಡು ತಂದೆಯಾಗಿರಲಿಲ್ಲ. ೨೦೧೪ರ ಹೊತ್ತಿಗೆ, ಪರಿಶೀಲಿಸಿದ ೨೬೦ ಜಾತಿಯ ಸಸ್ತನಿಗಳಲ್ಲಿ ೧೧೯ರಲ್ಲಿ ಇಂಥ ಶಿಶುಹತ್ಯೆ ಕಂಡುಬಂದಿದೆಯೆಂದು ವರದಿಯಾಯಿತು. ಸಿಂಹಗಳಲ್ಲೂ ಇದು ಉಂಟು. ಧಾರವಾಡದ ಕಾಡಿನಲ್ಲಿ ಕಂಡದ್ದು ವಿಕಾರವಾಗಿರಲಿಲ್ಲ.

ಹಾಗಾದರೆ ಮನುಷ್ಯನ ಮಾತೇನು? ಇಲ್ಲಿ ಎರಡು ತಪ್ಪು ದಾರಿಗಳಿವೆ.

ಮುಸುವ ಕೊಲ್ಲುತ್ತದೆ, ನಾವೂ ಅದೇ ಕುಲದವರು, ಆದ್ದರಿಂದ ಕೊಲೆ ನಮ್ಮ ರಕ್ತದಲ್ಲಿದೆ ಎನ್ನುವುದು ಮೊದಲನೆಯದು. ಆದರೆ ಮುಸುವದ ಕವಲೂ ನಮ್ಮ ಕವಲೂ ಅಗಲಿ ಎರಡೂವರೆ ಕೋಟಿ ವರ್ಷಗಳಾದರೂ ಆಗಿವೆ. ನಮಗೆ ಹತ್ತಿರದ ನೆಂಟರು ಇಬ್ಬರು: ಚಿಂಪಾಂಜಿ ಮತ್ತು ಬೊನೊಬೊ. ಜೇನ್ ಗುಡಾಲ್ ಅವರು ತಾಂಜಾನಿಯಾದ ಗೊಂಬೆಯಲ್ಲಿ ೧೯೭೪ರಿಂದ ೧೯೭೮ರವರೆಗೆ, ಒಂದು ಚಿಂಪಾಂಜಿ ಬಳಗ ತನ್ನಿಂದ ಸಿಡಿದು ಹೋದ ಇನ್ನೊಂದು ಬಳಗದ ಗಂಡುಗಳನ್ನು ಹೊಂಚುಹಾಕಿ ಕೊಂದು ಮುಗಿಸಿದ್ದನ್ನು ದಾಖಲಿಸಿದರು. ಬೊನೊಬೊಗಳಲ್ಲಾದರೋ ಹೆಣ್ಣುಗಳು ಕೂಡಿ ನಿಂತು ಗಂಡುಗಳನ್ನು ಹತೋಟಿಯಲ್ಲಿಡುತ್ತವೆ; ಗಂಡು ಮರಿಯನ್ನು ಕೊಂದ ದಾಖಲೆ ಅವುಗಳಲ್ಲಿ ಇಲ್ಲ. ರಕ್ತಸಂಬಂಧದಲ್ಲಿ ನಮಗೆ ಇಬ್ಬರೂ ಸಮಾನ ದೂರ. ಯಾರನ್ನು ನೋಡಿ ನಮ್ಮ ಜಾತಕ ಬರೆಯೋಣ? ಆ ಚಿಂಪಾಂಜಿಗಳೇ ಜಗಳವಾಡಿದ ಸ್ವಲ್ಪ ಹೊತ್ತಿಗೆ ಒಂದರ ಬಳಿಗೊಂದು ಬಂದು, ಕೈನೀಡಿ, ಮುತ್ತಿಟ್ಟು ರಾಜಿಯಾಗುತ್ತವೆಂದು ಹಾಲೆಂಡಿನ ಫ್ರಾನ್ಸ್ ಡಿ ವಾಲ್ ೧೯೭೯ರಲ್ಲಿ ತೋರಿಸಿದರು. ಜಗಳವೂ ಸ್ವಭಾವ, ರಾಜಿಯೂ ಸ್ವಭಾವ.

ಮನುಷ್ಯನಿಗೂ ಇದಕ್ಕೂ ಸಂಬಂಧವೇ ಇಲ್ಲ, ನಮ್ಮದು ಸಂಸ್ಕೃತಿ ಎನ್ನುವುದು ಎರಡನೆಯ ತಪ್ಪು. ಇದಕ್ಕೆ ಉತ್ತರ ಕೊಡಲು ನಾನು ಮಂಗಗಳ ಬಳಿಗೆ ಹೋಗುವುದಿಲ್ಲ, ಬಾದಾಮಿಗೆ ಹೋಗುತ್ತೇನೆ. ಅಲ್ಲಿಯ ಮೂರನೆಯ ಗುಹೆಯಲ್ಲಿ ೫೭೮ರ ಒಂದು ಶಾಸನವಿದೆ. ಅಣ್ಣ ಕೀರ್ತಿವರ್ಮ ರಾಜ್ಯವಾಳುತ್ತಿರುವಾಗ ತಮ್ಮ ಮಂಗಲೇಶ ಆ ವೈಷ್ಣವ ಗುಹಾಲಯವನ್ನು ಮಾಡಿಸಿ, ಅದರ ಪುಣ್ಯವನ್ನು ಅಣ್ಣನಿಗೆ ಧಾರೆಯೆರೆದ. ಅಣ್ಣ ತೀರಿಕೊಂಡಾಗ ಅವನ ಮಕ್ಕಳು ಚಿಕ್ಕವರು. ಮಂಗಲೇಶ ಪಟ್ಟಕ್ಕೆ ಬಂದ. ಮುಂದೆ ಅಣ್ಣನ ಮಗ ಬೆಳೆದು ನಿಂತಾಗ ರಾಜ್ಯವನ್ನು ತನ್ನ ಮಗನಿಗೇ ಉಳಿಸಲು ಹೊರಟು, ಆ ಪ್ರಯತ್ನದಲ್ಲಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ಐಹೊಳೆಯ ೬೩೪ರ ಶಾಸನದಲ್ಲಿ ರವಿಕೀರ್ತಿ ಹೇಳುತ್ತಾನೆ. ಆ ಅಣ್ಣನ ಮಗನೇ ಇಮ್ಮಡಿ ಪುಲಕೇಶಿ. ರವಿಕೀರ್ತಿ ಗೆದ್ದವನ ಆಸ್ಥಾನದ ಕವಿಯೆಂಬುದು ದಿಟ. ಅವನ ಮಾತನ್ನು ತೂಗಿ ನೋಡಬೇಕು. ಆದರೂ ಅಣ್ಣನಿಗೆ ಪುಣ್ಯ ಧಾರೆಯೆರೆದ ಕೈಯೇ ಅಣ್ಣನ ಮಗನ ಪಾಲನ್ನು ಹಿಡಿದುಕೊಂಡಿತೆಂಬ ಈ ಕಥೆಯನ್ನು ನಂಬಲು ನಮಗೆ ಕಷ್ಟವಾಗುವುದಿಲ್ಲ. ಏಕೆ ಕಷ್ಟವಾಗುವುದಿಲ್ಲವೆಂದರೆ, ಅಂಥದನ್ನು ನಾವು ನಮ್ಮ ಓಣಿಗಳಲ್ಲೇ ಕಂಡಿದ್ದೇವೆ. ತನ್ನ ಮಗ, ಇತರರ ಮಗ ಎಂಬ ಎಣಿಕೆ ನಮ್ಮೊಳಗೂ ಇದೆ.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ವಾಲಿ ಸುಗ್ರೀವರ ಕಥೆಯನ್ನು ತಾವು ಬಲ್ಲಿರಿ. ಹಂಪಿ ಆನೆಗೊಂದಿಯ ಬಂಡೆಗಳ ನಾಡನ್ನೇ ಕಿಷ್ಕಿಂಧೆಯೆಂದು ನಮ್ಮ ಜನ ನಂಬಿದ್ದಾರೆ. ಅಲ್ಲಿ ಒಬ್ಬ ಯಜಮಾನ ಬಿದ್ದ, ಹೊರಗೆ ಅಲೆಯುತ್ತಿದ್ದ ಇನ್ನೊಬ್ಬ ಬಂದ, ಸತ್ತವನ ಮಡದಿ ಗೆದ್ದವನ ಪಾಲಿಗೆ ಬಂದಳು. ಸುಗಿಯಾಮ ತಮ್ಮ ಟಿಪ್ಪಣಿಯಲ್ಲಿ ಬರೆದುಕೊಂಡದ್ದಕ್ಕೂ ಇದಕ್ಕೂ ಇಲ್ಲಿಯವರೆಗೆ ಹೆಚ್ಚು ವ್ಯತ್ಯಾಸವಿಲ್ಲ. ಆಮೇಲಿನದರಲ್ಲಿ ವ್ಯತ್ಯಾಸವಿದೆ. ಸತ್ತ ವಾಲಿಯ ಮಗ ಅಂಗದನಿಗೆ ಯುವರಾಜ ಪಟ್ಟವಾಯಿತು. ಸಾಯುವ ವಾಲಿ ಮಗನನ್ನು ತಮ್ಮನ ಕೈಗೇ ಒಪ್ಪಿಸಿದ; ರಾಮ ಆ ಪಟ್ಟವನ್ನು ಕಟ್ಟಿಸಿದ. ಅಂಗದ ಮೊಲೆಯುಣ್ಣುವ ಕೂಸಾಗಿರಲಿಲ್ಲ, ಬೆಳೆದ ಹುಡುಗ. ಆದರೂ ಅಪಾಯ ಕಡಿಮೆಯದಲ್ಲ.

ವಾಲ್ಮೀಕಿಯ ದೊಡ್ಡತನ ಇನ್ನೂ ಮುಂದಿದೆ. ಸೀತೆಯನ್ನು ಹುಡುಕಲು ದಕ್ಷಿಣಕ್ಕೆ ಹೋದ ಅಂಗದ, ಕೊಟ್ಟ ಗಡುವು ಮೀರಿದಾಗ ಹಿಂದಿರುಗಲು ಹೆದರುತ್ತಾನೆ. ಚಿಕ್ಕಪ್ಪ ತನ್ನನ್ನು ಉಳಿಸುವುದಿಲ್ಲ, ಶತ್ರುವಿನ ಮಗನಿಗೆ ಕ್ಷಮೆಯೆಲ್ಲಿ ಎಂದು ಸಾಯಲು ಸಿದ್ಧನಾಗುತ್ತಾನೆ. ಪಟ್ಟ ಕಟ್ಟಿದೊಡನೆ ಭಯ ಅಳಿಯಲಿಲ್ಲವೆಂದು ಕವಿ ಬಲ್ಲ. ಆಗ ಹನುಮಂತ ಹೇಳುವ ಸಮಾಧಾನವನ್ನು ಗಮನಿಸಬೇಕು: ಸುಗ್ರೀವ ನಿನ್ನ ತಾಯಿಯ ಪ್ರೀತಿಗಾಗಿ ಬದುಕಿದ್ದಾನೆ, ಅವನಿಗೆ ಬೇರೆ ಮಕ್ಕಳೂ ಇಲ್ಲ, ನೀನು ಹೆದರಬೇಡ ಎಂಬುದು ಅದರ ತಾತ್ಪರ್ಯ. ಎಂಥ ಲೋಕಜ್ಞಾನ! ಧರ್ಮದ ಉಪದೇಶವೊಂದೇ ಸಾಲದೆಂದು ಹನುಮಂತ ಬಲ್ಲ. ತಾಯಿಯ ಪ್ರಭಾವವನ್ನೂ ಚಿಕ್ಕಪ್ಪನ ಸ್ವಾರ್ಥವನ್ನೂ ಕೂಡಿಸಿಯೇ ಹುಡುಗನಿಗೆ ಧೈರ್ಯ ತುಂಬುತ್ತಾನೆ.

ಹರ್ಡಿಯವರ ಅಭ್ಯಾಸವೂ ತಾಯಂದಿರ ಈ ಪ್ರಭಾವದ ಕಡೆಗೇ ತಿರುಗಿತು. ಹೆಣ್ಣುಮುಸುವಗಳು ಕೈಕಟ್ಟಿ ಕುಳಿತಿರಲಿಲ್ಲ. ಮುದಿ ಹೆಣ್ಣುಗಳು ಮುಂದೆ ನುಗ್ಗಿ ಗಂಡನ್ನು ಅಟ್ಟುತ್ತಿದ್ದವು. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿ ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಸಾಗುತ್ತಿತ್ತು. ತಾಯಿ ಮೇಯುವಾಗ ಹಿಂಡಿನ ಬೇರೆ ಹೆಣ್ಣುಗಳು ಅದನ್ನು ಹೊತ್ತಿರುತ್ತಿದ್ದವು. ಈ ಎಳೆಯನ್ನೇ ಹಿಡಿದು ಅವರು ೨೦೦೯ರಲ್ಲಿ ಇನ್ನೊಂದು ಗ್ರಂಥ ಬರೆದರು. ಮನುಷ್ಯನ ಕೂಸು ಬೆಳೆಯಲು ಹಲವು ವರ್ಷ ಬೇಕು. ತಾಯಿಯೊಬ್ಬಳಿಂದ ಅದು ಆಗದು. ಅಜ್ಜಿ, ಅತ್ತೆ, ಅಕ್ಕ, ನೆರೆಯವಳು, ತಂದೆ, ಕೆಲವೊಮ್ಮೆ ಸಂಬಂಧವೇ ಇಲ್ಲದವರು ಕೂಡಿ ಸಾಕಿದ್ದರಿಂದಲೇ ಮನುಷ್ಯ ಮನುಷ್ಯನಾದ. ಇನ್ನೊಬ್ಬರ ಮನಸ್ಸನ್ನು ಓದುವ ಶಕ್ತಿ ಕೂಸಿಗೆ ಬಂದದ್ದೂ ಹಾಗೆಯೇ ಎಂಬುದು ಅವರ ವಾದ. ಶಿಶುಹತ್ಯೆಯ ಕಥೆ ಹೇಳಿ ಹೆಸರಾದವರೇ ಕೂಸನ್ನು ಸಾಕುವ ಕಥೆಗೂ ಬಂದು ಮುಟ್ಟಿದರು.

ಇನ್ನು ನನ್ನ ಮಾತು. ನನಗೆ ಮೂರು ವರ್ಷವಾದಾಗ ತಂದೆ ತೀರಿಕೊಂಡರು. ಕಾಕಾ ಅವರಿಗೆ ಆಗಲೇ ಮೂವರು ಮಕ್ಕಳು. ಹೊಲ ಒಟ್ಟಿನಲ್ಲಿತ್ತು, ಬೇಕೆಂದರೆ ಕಾಕಾ ಎಲ್ಲವನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಾಗಿತ್ತು, ತಡೆಯುವವರು ಇರಲಿಲ್ಲ. ಅವರು ಧಾರವಾಡದ ಕಚೇರಿಗೆ ನಡೆದು ಹೋಗಿ ನನ್ನ ತಂದೆಯ ಪಾಲಿಗೆ ನನ್ನ ಹೆಸರು ಬರೆಸಿ ಬಂದರು. ಆ ಉತಾರದಲ್ಲಿ ನನ್ನನ್ನು ‘ಅಜ್ಞಾನ’ ಎಂದೂ ಅವರನ್ನು ‘ಪಾಲನಕರ್ತ’ ಎಂದೂ ನಮೂದಿಸಲಾಗಿದೆ. ಎಂ.ಎ. ಓದುವಾಗ ಆ ಪದಗಳು ನಗೆ ತರಿಸುತ್ತಿದ್ದವು. ಈಗ ತರಿಸುವುದಿಲ್ಲ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಗೆಳೆಯರಿಗೆ ಒಮ್ಮೆ ಇದನ್ನು ಹೇಳಿದೆ. ಅವರು ಮುಗುಳ್ನಕ್ಕು, “ಇದರಾಗೇನು ಆಶ್ಚರ್ಯ ಇಲ್ಲರೀ. ಅಣ್ಣನ ಮಗನೊಳಗ ತನ್ನದೂ ನಾಲ್ಕನೇ ಒಂದು ಪಾಲು ಇರತೈತಿ. ೧೯೬೪ರಾಗ ಹ್ಯಾಮಿಲ್ಟನ್ ಇದರ ಲೆಕ್ಕಾನೇ ಬರದಾರ” ಎಂದರು. ನಾನು ಕೇಳಿದೆ: “ಆ ಲೆಕ್ಕದಾಗ ನಮ್ಮ ಚಿಗವ್ವನ ಪಾಲೆಷ್ಟು?” ಆಕೆ ಬೇರೆ ಊರಿನಿಂದ, ಬೇರೆ ಮನೆತನದಿಂದ ಬಂದವಳು. ನನ್ನಲ್ಲಿ ಆಕೆಯ ರಕ್ತದ ಹನಿಯೂ ಇಲ್ಲ. ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ತನ್ನ ಮಕ್ಕಳಿಗಿಂತ ಮೊದಲು, “ಅಪ್ಪ ಇಲ್ಲದ ಕೂಸು” ಎಂದು ನನ್ನ ತಾಟಿಗೆ ಹಾಕುತ್ತಿದ್ದವಳು ಆಕೆ. ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೂ ನಮ್ಮಲ್ಲಿ ವಿವರಣೆ ಐತಿ. ಆದರ ಇವತ್ತ ಹೇಳೂದಿಲ್ಲ” ಎಂದರು.

ವಿವರಣೆ ಇರಲಿ, ಇದ್ದರೆ ಆಕೆಯ ಹಿರಿಮೆ ಕುಂದುವುದಿಲ್ಲ. ಮಡಿಲಿನಿಂದ ಮಡಿಲಿಗೆ ಸಾಗುವ ಮುಸುವದ ಮರಿಯಲ್ಲಿ ಅದರ ಬೇರು ಇದ್ದರೆ, ಅದೂ ಸಂತೋಷವೇ. ಧಾರವಾಡದ ಆ ಒಂದೇ ಕಾಡಿನಲ್ಲಿ ಮರಿಯನ್ನು ಕಚ್ಚುವ ಬಾಯಿಯೂ ಇತ್ತು, ಮರಿಯನ್ನು ಹೊತ್ತ ತೋಳುಗಳೂ ಇದ್ದವು. ನಮ್ಮೊಳಗೂ ಎರಡೂ ಇವೆ. ನಿಸರ್ಗ ನಮಗೆ ಇವೆರಡನ್ನೂ ಕೊಟ್ಟಿದೆಯೆಂದು ವಿಜ್ಞಾನ ಹೇಳಬಲ್ಲದು. ಯಾವುದನ್ನು ಬೆಳೆಸಬೇಕೆಂಬುದನ್ನು ಹೇಳುವುದು ಅದರ ಕೆಲಸವಲ್ಲ. ಅದಕ್ಕೆ ಕಾನೂನು ಬೇಕು, ಉತಾರ ಬೇಕು, ಅಂಗದನಿಗೆ ಪಟ್ಟ ಕಟ್ಟಿಸುವ ಕಾವ್ಯ ಬೇಕು. ಇವಾವುವೂ ಹತ್ತಿರವಿಲ್ಲದ ಗಳಿಗೆಯಲ್ಲಿ, ಕಲ್ಲೆತ್ತಿದ ಹುಡುಗನ ಮುಂಗೈಯನ್ನು ಹಿಡಿದು ನಿಲ್ಲಿಸುವ ಒಬ್ಬ ಚಿಗವ್ವ ಬೇಕು.